ಸ್ವೀಡನ್‌ನಲ್ಲಿ ಮತ ಎಣಿಸುವುದು ಹೇಗೆ? ಲಕೋಟೆಯಿಂದ ಸೀಟಿನವರೆಗೆ, ಹಂತ ಹಂತವಾಗಿ

ಸ್ವೀಡನ್‌ನಲ್ಲಿ 2022ರ ಸಂಸತ್ ಚುನಾವಣೆ ನಡೆದದ್ದು ಸೆಪ್ಟೆಂಬರ್ 11ರ ಭಾನುವಾರ. ರಾತ್ರಿ ಎಂಟಕ್ಕೆ ಮತದಾನ ಮುಗಿದ ಕೂಡಲೇ ಟಿವಿ ಸಮೀಕ್ಷೆಗಳು ಬಂದವು. ಎಡಪಂಥದ ಕೂಟ ಕೂದಲೆಳೆಯಷ್ಟು ಮುಂದಿದೆ ಎಂದವು. ಎಣಿಕೆ ಸಾಗಿದಂತೆ ಲೆಕ್ಕ ಬಲಪಂಥದ ಕಡೆ ವಾಲಿತು. ಬೆಳಗಾದರೂ ಫಲಿತಾಂಶ ಖಚಿತವಾಗಲಿಲ್ಲ. ಪ್ರಧಾನಿ ಮಗ್ದಲೇನಾ ಆಂಡರ್ಸನ್ ಸೋಲು ಒಪ್ಪಿಕೊಂಡದ್ದು ಬುಧವಾರ ಸಂಜೆ.

ನಮ್ಮಲ್ಲಿ ಮಧ್ಯಾಹ್ನದೊಳಗೆ ಚಿತ್ರಣ ಸಿಕ್ಕಿಬಿಡುತ್ತದೆ. ಆ ಅಭ್ಯಾಸದವರಿಗೆ ಇದು ವಿಚಿತ್ರ ಅನ್ನಿಸಬಹುದು. ಇಷ್ಟು ಮುಂದುವರಿದ ದೇಶದಲ್ಲಿ ಎಣಿಕೆಗೆ ಯಾಕಿಷ್ಟು ದಿನ ಎಂದು ಕೇಳುವವರು ಜಾಸ್ತಿ. ಉತ್ತರ ಸರಳ. ಸ್ವೀಡನ್‌ನಲ್ಲಿ ಮತಯಂತ್ರ ಇಲ್ಲ. ಪ್ರತಿ ಮತವೂ ಕಾಗದದ ಮೇಲಿರುತ್ತದೆ, ಕೈಯಲ್ಲೇ ಎಣಿಸುತ್ತಾರೆ, ಅದೂ ಎರಡು ಸಲ, ಬೇರೆ ಬೇರೆ ಜನ, ಬೇರೆ ಬೇರೆ ಜಾಗದಲ್ಲಿ. ಚುನಾವಣೆಯ ರಾತ್ರಿ ಟಿವಿಯಲ್ಲಿ ಕಾಣುವ ಅಂಕಿ ತಾತ್ಕಾಲಿಕ ಮಾತ್ರ. ಕಾನೂನಿನ ಲೆಕ್ಕದಲ್ಲಿ ಫಲಿತಾಂಶ ಎನ್ನಿಸಿಕೊಳ್ಳುವುದು ಆಮೇಲೆ ಬರುವ ಎರಡನೇ ಎಣಿಕೆ. ಈ ನಿಧಾನ ಬೇಕೆಂದೇ ಇಟ್ಟುಕೊಂಡದ್ದು. ನನಗಂತೂ ಇಡೀ ವ್ಯವಸ್ಥೆಯಲ್ಲಿ ತುಂಬ ಇಷ್ಟವಾಗುವುದು ಅದೇ.

2022ರ ಚುನಾವಣೆ ನಡೆದ ಕ್ರಮವನ್ನೇ ಇಟ್ಟುಕೊಂಡು ಒಂದೊಂದು ಹಂತವನ್ನೂ ನೋಡೋಣ.

ಮೊದಲು: ಎಷ್ಟು ಚುನಾವಣೆ, ಯಾರಿಗೆ ಮತ?

ನಾಲ್ಕು ವರ್ಷಕ್ಕೊಮ್ಮೆ, ಸೆಪ್ಟೆಂಬರ್ ತಿಂಗಳ ಎರಡನೇ ಭಾನುವಾರ ಮೂರು ಚುನಾವಣೆಗಳು ಒಟ್ಟಿಗೆ ನಡೆಯುತ್ತವೆ. 2026ರಲ್ಲಿ ಅದು ಸೆಪ್ಟೆಂಬರ್ 13. ಒಂದು, ದೇಶದ ಸಂಸತ್ತು ರಿಕ್ಸ್‌ದಾಗ್‌ಗೆ. ಎರಡು, ಆಸ್ಪತ್ರೆ, ಬಸ್ಸು ಮುಂತಾದವನ್ನು ನೋಡಿಕೊಳ್ಳುವ ಪ್ರಾಂತ್ಯದ ಮಂಡಳಿಗೆ. ಮೂರು, ಶಾಲೆ, ಅಂಗನವಾಡಿ, ಹಿರಿಯರ ಆರೈಕೆ ನೋಡಿಕೊಳ್ಳುವ ಸ್ಥಳೀಯ ಆಡಳಿತಕ್ಕೆ. ಇದಕ್ಕೆ ಅಲ್ಲಿ ಕಮ್ಯೂನ್ ಎನ್ನುತ್ತಾರೆ. ದೇಶದಲ್ಲಿ ಇಂಥ 290 ಕಮ್ಯೂನ್‌ಗಳಿವೆ.

ಮೂರಕ್ಕೂ ಮತಪತ್ರದ ಬಣ್ಣ ಬೇರೆ. ರಿಕ್ಸ್‌ದಾಗ್‌ಗೆ ಹಳದಿ, ಪ್ರಾಂತ್ಯಕ್ಕೆ ನೀಲಿ, ಕಮ್ಯೂನ್‌ಗೆ ಬಿಳಿ. ಈ ಬಣ್ಣಗಳು ನೆನಪಿರಲಿ, ಎಣಿಕೆಯಲ್ಲಿ ಇವುಗಳ ಕೆಲಸ ದೊಡ್ಡದು.

ಮತದಾನದ ದಿನಕ್ಕೆ 18 ತುಂಬಿರಬೇಕು. ರಿಕ್ಸ್‌ದಾಗ್‌ಗೆ ಮತ ಹಾಕಲು ಸ್ವೀಡಿಷ್ ಪೌರತ್ವವೂ ಬೇಕು. ಆದರೆ ಸ್ಟಾಕ್‌ಹೋಮ್, ಗೋಥೆನ್‌ಬರ್ಗ್ ಕಡೆ ಕೆಲಸಕ್ಕೆ ಹೋಗಿ ನೆಲೆಸಿರುವ ಕನ್ನಡಿಗರು ಒಂದು ವಿಷಯ ಗಮನಿಸಬೇಕು. ಭಾರತದ ಪಾಸ್‌ಪೋರ್ಟ್ ಇದ್ದರೂ, ಮೂರು ವರ್ಷ ಬಿಡದೆ ಸ್ವೀಡನ್‌ನ ನಿವಾಸಿಗಳ ದಾಖಲೆಯಲ್ಲಿ ಹೆಸರಿದ್ದರೆ ಪ್ರಾಂತ್ಯಕ್ಕೂ ಕಮ್ಯೂನ್‌ಗೂ ಮತ ಹಾಕಬಹುದು. ಅರ್ಜಿ ಹಾಕಬೇಕಿಲ್ಲ. ಮತದಾರರ ಚೀಟಿ ತಾನಾಗಿ ಅಂಚೆಯಲ್ಲಿ ಮನೆಗೆ ಬರುತ್ತದೆ. ಅದನ್ನು ಜಾಹೀರಾತು ಎಂದುಕೊಂಡು ಎಸೆಯಬೇಡಿ. ಮಕ್ಕಳ ಶಾಲೆ, ಮನೆ ಮುಂದಿನ ರಸ್ತೆ, ಹತ್ತಿರದ ಆಸ್ಪತ್ರೆ, ಎಲ್ಲವನ್ನೂ ತೀರ್ಮಾನಿಸುವುದು ಈ ಎರಡು ಚುನಾವಣೆಗಳೇ.

ಹಂತ 1: ಮತ ಲಕೋಟೆಯೊಳಗೆ ಹೋಗುವುದು

ಎಣಿಕೆ ಅರ್ಥವಾಗಬೇಕಾದರೆ ಏನನ್ನು ಎಣಿಸುತ್ತಾರೆ ಎಂದು ಗೊತ್ತಿರಬೇಕು. ಸ್ವೀಡನ್‌ನಲ್ಲಿ ಎಲ್ಲ ಪಕ್ಷಗಳ ಹೆಸರು ಒಂದೇ ಹಾಳೆಯಲ್ಲಿ ಇರುವುದಿಲ್ಲ. ಒಂದೊಂದು ಪಕ್ಷಕ್ಕೂ ಒಂದೊಂದು ಚೀಟಿ. ಕೆಲವು ಚೀಟಿಗಳಲ್ಲಿ ಪಕ್ಷದ ಹೆಸರು ಮಾತ್ರ ಇರುತ್ತದೆ. ಕೆಲವುಗಳಲ್ಲಿ ಪಕ್ಷದ ಹೆಸರಿನ ಕೆಳಗೆ ಅಭ್ಯರ್ಥಿಗಳ ಪಟ್ಟಿ ಇರುತ್ತದೆ. ಅದರಲ್ಲಿ ನಿಮಗೆ ಬೇಕಾದ ಒಬ್ಬರ ಹೆಸರಿನ ಮುಂದೆ ಗುರುತು ಹಾಕಬಹುದು, ಹಾಕದೆಯೂ ಬಿಡಬಹುದು. ಏನೂ ಬರೆಯದ ಖಾಲಿ ಚೀಟಿಯೂ ಸಿಗುತ್ತದೆ. ಅದರ ಮೇಲೆ ಪಕ್ಷದ ಹೆಸರನ್ನು ಕೈಯಲ್ಲೇ ಬರೆಯಬಹುದು.

ಹಿಂದೆ ಈ ಚೀಟಿಗಳ ಕಪಾಟು ಎಲ್ಲರಿಗೂ ಕಾಣುವ ಜಾಗದಲ್ಲಿ ಇರುತ್ತಿತ್ತು. ಯಾರು ಯಾವ ಪಕ್ಷದ ಚೀಟಿ ತೆಗೆದುಕೊಂಡರು ಎಂಬುದು ಪಕ್ಕದವರ ಕಣ್ಣಿಗೆ ಬೀಳುತ್ತಿತ್ತು. ಈಗ ಕಪಾಟಿಗೆ ಮರೆ ಕಟ್ಟುತ್ತಾರೆ. ಗುಟ್ಟಿನ ಮತದಾನ ಅಂದಮೇಲೆ ಚೀಟಿ ಆರಿಸುವುದೂ ಗುಟ್ಟಾಗಿಯೇ ಇರಬೇಕು, ಅಲ್ವಾ?

ಮತದಾರ ಒಂದೊಂದು ಚೀಟಿಯನ್ನೂ ಒಂದೊಂದು ಲಕೋಟೆಗೆ ಹಾಕಿ ಅಂಟಿಸುತ್ತಾನೆ. ಒಳಗಿನ ಚೀಟಿಯ ಬಣ್ಣ ಕಾಣುವಂತೆ ಲಕೋಟೆಯಲ್ಲಿ ಸಣ್ಣ ಕಿಂಡಿ ಇರುತ್ತದೆ. ಪಕ್ಷ ಕಾಣುವುದಿಲ್ಲ, ಬಣ್ಣ ಮಾತ್ರ. ಸಿಬ್ಬಂದಿ ಗುರುತಿನ ಚೀಟಿ ನೋಡಿ, ಪಟ್ಟಿಯಲ್ಲಿ ಹೆಸರಿನ ಮುಂದೆ ಗುರುತು ಹಾಕಿ, ಹಳದಿ ಇದ್ದ ಲಕೋಟೆಯನ್ನು ರಿಕ್ಸ್‌ದಾಗ್ ಪೆಟ್ಟಿಗೆಗೆ, ನೀಲಿ ಇದ್ದದ್ದನ್ನು ಪ್ರಾಂತ್ಯದ ಪೆಟ್ಟಿಗೆಗೆ, ಬಿಳಿ ಇದ್ದದ್ದನ್ನು ಕಮ್ಯೂನ್ ಪೆಟ್ಟಿಗೆಗೆ ಹಾಕುತ್ತಾರೆ.

ಹಂತ 2: ಮುಂಗಡ ಮತಗಳ ದಾರಿ

ಚುನಾವಣೆಗೆ 18 ದಿನ ಮೊದಲೇ ಮುಂಗಡ ಮತದಾನ ಶುರುವಾಗುತ್ತದೆ. ಗ್ರಂಥಾಲಯ, ಮಾಲ್, ಕಮ್ಯೂನ್ ಕಚೇರಿ ಹೀಗೆ ದೇಶದ ಯಾವ ಊರಿನಲ್ಲಾದರೂ ಹಾಕಬಹುದು. ಇತ್ತೀಚಿನ ಚುನಾವಣೆಗಳಲ್ಲಿ ಮತ ಹಾಕಿದ ನೂರು ಜನರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಹೀಗೆ ಮುಂಚೆಯೇ ಹಾಕಿದವರು. ಹಾಗಾಗಿ ಇದು ಸಣ್ಣ ಸಂಗತಿಯಲ್ಲ.

ಇಲ್ಲಿ ಲಕೋಟೆಗಳು ನೇರ ಪೆಟ್ಟಿಗೆಗೆ ಬೀಳುವುದಿಲ್ಲ. ಮತದಾರರ ಚೀಟಿಯನ್ನೂ ಅಂಟಿಸಿದ ಮತದ ಲಕೋಟೆಗಳನ್ನೂ ಸೇರಿಸಿ ಇನ್ನೊಂದು ದೊಡ್ಡ ಲಕೋಟೆಗೆ ಹಾಕುತ್ತಾರೆ. ಈ ಹೊರ ಲಕೋಟೆಗೆ ಪಾರದರ್ಶಕ ಕಿಟಕಿ ಇರುತ್ತದೆ. ಯಾರ ಮತ, ಯಾವ ಮತಗಟ್ಟೆಗೆ ಸೇರಬೇಕು ಎಂಬುದು ಅದರಲ್ಲಿ ಕಾಣುತ್ತದೆ. ಈ ಲಕೋಟೆಗಳು ಮತದಾರನ ಸ್ವಂತ ಮತಗಟ್ಟೆಗೆ ಪ್ರಯಾಣ ಮಾಡುತ್ತವೆ.

ಯಾಕಿಷ್ಟು ಸುತ್ತು? ಯಾಕೆಂದರೆ ಸ್ವೀಡನ್‌ನಲ್ಲಿ ಮನಸ್ಸು ಬದಲಾಯಿಸುವ ಹಕ್ಕಿದೆ. ಮುಂಗಡವಾಗಿ ಒಂದು ಪಕ್ಷಕ್ಕೆ ಹಾಕಿದವರು ಭಾನುವಾರ ತಮ್ಮ ಮತಗಟ್ಟೆಗೆ ಹೋಗಿ ಬೇರೆ ಪಕ್ಷಕ್ಕೆ ಹಾಕಬಹುದು. ಆಗ ಮುಂಗಡ ಮತದ ಲಕೋಟೆಯನ್ನು ಬದಿಗಿಡುತ್ತಾರೆ, ಅದು ಲೆಕ್ಕಕ್ಕೆ ಸೇರುವುದಿಲ್ಲ. ಒಬ್ಬರಿಗೆ ಒಂದೇ ಮತ ಎಂಬುದೂ ಉಳಿಯಿತು, ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸುವ ಅವಕಾಶವೂ ಉಳಿಯಿತು. ಮುಂಗಡ ಮತಗಳನ್ನು ಪೆಟ್ಟಿಗೆಗೆ ಹಾಕಲು ಮತದಾನ ಮುಗಿಯುವವರೆಗೂ ಕಾಯುವುದು ಇದಕ್ಕೇ.

ಹಂತ 3: ರಾತ್ರಿ ಎಂಟರ ನಂತರ ಮತಗಟ್ಟೆಯಲ್ಲಿ

ಮತಗಟ್ಟೆಗಳು ಸಾಮಾನ್ಯವಾಗಿ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ತೆರೆದಿರುತ್ತವೆ. ಎಂಟಕ್ಕೆ ಸಾಲಿನಲ್ಲಿ ನಿಂತವರಿಗೆಲ್ಲ ಮತ ಹಾಕಲು ಬಿಡುತ್ತಾರೆ. 2022ರಲ್ಲಿ ಕೆಲವು ಕಡೆ ಸಾಲು ಉದ್ದವಿದ್ದು, ಅಲ್ಲಿ ಎಣಿಕೆ ತಡವಾಗಿಯೇ ಶುರುವಾಯಿತು.

ಕೊನೆಯ ಮತದಾರ ಹಾಕಿ ಮುಗಿಸಿದ ಮೇಲೆ ಬಾಗಿಲು ಮುಚ್ಚುವುದಿಲ್ಲ. ಎಣಿಕೆ ಸಾರ್ವಜನಿಕ. ಯಾರು ಬೇಕಾದರೂ ಒಳಗೆ ಬಂದು ನಿಂತು ನೋಡಬಹುದು. ಪಕ್ಷದ ಏಜೆಂಟ್ ಆಗಿರಬೇಕಿಲ್ಲ, ಪಾಸ್ ಬೇಕಿಲ್ಲ. ಮುಟ್ಟುವಂತಿಲ್ಲ, ತೊಂದರೆ ಕೊಡುವಂತಿಲ್ಲ, ಅಷ್ಟೇ.

ಮೊದಲ ಕೆಲಸ ಮುಂಗಡ ಮತಗಳದ್ದು. ಬಂದ ಹೊರ ಲಕೋಟೆಗಳು ಎಷ್ಟು ಎಂದು ಎಣಿಸುತ್ತಾರೆ. ಒಂದೊಂದನ್ನೂ ಎತ್ತಿಕೊಂಡು ಪಟ್ಟಿ ನೋಡುತ್ತಾರೆ. ಈ ಮತದಾರ ಇವತ್ತು ಇಲ್ಲಿಗೇ ಬಂದು ಹಾಕಿದ್ದಾರಾ? ಇಲ್ಲ ಎಂದಾದರೆ ಹೆಸರಿನ ಮುಂದೆ ಗುರುತು ಹಾಕಿ, ಹೊರ ಲಕೋಟೆ ಒಡೆದು, ಒಳಗಿನ ಮತದ ಲಕೋಟೆಗಳನ್ನು ಆಯಾ ಪೆಟ್ಟಿಗೆಗೆ ಹಾಕುತ್ತಾರೆ. ಪೆಟ್ಟಿಗೆಯೊಳಗೆ ಬಿದ್ದ ಮೇಲೆ ಯಾವುದು ಮುಂಗಡ, ಯಾವುದು ಇವತ್ತಿನದು ಎಂದು ಹೇಳಲು ಬರುವುದಿಲ್ಲ. ಮತ ಮತ್ತು ಮತದಾರನ ನಂಟು ಕಳಚುವುದು ಆ ಗಳಿಗೆಯಲ್ಲಿ.

ಈಗ ರಿಕ್ಸ್‌ದಾಗ್ ಪೆಟ್ಟಿಗೆ ಖಾಲಿ ಮಾಡುತ್ತಾರೆ. ಲಕೋಟೆಗಳನ್ನು ಇನ್ನೂ ಒಡೆಯುವುದಿಲ್ಲ. ಮೊದಲು ಲಕೋಟೆಗಳನ್ನೇ ಎಣಿಸುತ್ತಾರೆ. ಆ ಸಂಖ್ಯೆಯನ್ನು ಪಟ್ಟಿಯಲ್ಲಿ ಹಾಕಿದ ಗುರುತುಗಳ ಸಂಖ್ಯೆಗೆ ತಾಳೆ ನೋಡುತ್ತಾರೆ. 812 ಗುರುತು ಇದ್ದರೆ 812 ಲಕೋಟೆ ಇರಬೇಕು. ಒಂದು ಹೆಚ್ಚೋ ಕಡಿಮೆಯೋ ಆದರೆ ಮತ್ತೆ ಎಣಿಸುತ್ತಾರೆ. ಆಗಲೂ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ದಾಖಲೆ ಪುಸ್ತಕದಲ್ಲಿ ಬರೆಯುತ್ತಾರೆ. ಮುಚ್ಚಿಡುವುದಿಲ್ಲ. ಈ ಒಂದು ತಾಳೆ ಸಿಕ್ಕರೆ ಮುಂದಿನದಕ್ಕೆ ಗಟ್ಟಿ ಆಧಾರ ಸಿಕ್ಕಂತೆ.

ಆಮೇಲೆ ಲಕೋಟೆ ಒಡೆದು ಚೀಟಿಗಳನ್ನು ಪಕ್ಷವಾರು ಗುಡ್ಡೆ ಹಾಕುತ್ತಾರೆ. ಒಂದು ಗುಡ್ಡೆಯನ್ನು ಒಬ್ಬರು ಎಣಿಸಿದ ಮೇಲೆ ಇನ್ನೊಬ್ಬರು ಎಣಿಸುವುದು ವಾಡಿಕೆ. ಅನುಮಾನ ಬರುವ ಚೀಟಿಗಳನ್ನು, ಖಾಲಿ ಚೀಟಿಗಳನ್ನು ಬೇರೆ ಇಡುತ್ತಾರೆ. ಅವುಗಳ ಹಣೆಬರಹ ತೀರ್ಮಾನಿಸುವ ಅಧಿಕಾರ ಮತಗಟ್ಟೆಯ ಸಿಬ್ಬಂದಿಗೆ ಇಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಬಿದ್ದ ಗುರುತುಗಳನ್ನೂ ಇಲ್ಲಿ ಎಣಿಸುವುದಿಲ್ಲ. ಈ ರಾತ್ರಿ ಬೇಕಾದದ್ದು ಪಕ್ಷಗಳ ಮೊತ್ತ ಮಾತ್ರ.

ಲೆಕ್ಕ ಸಿಕ್ಕ ಕೂಡಲೇ ಫೋನ್ ಮಾಡಿ ತಿಳಿಸುತ್ತಾರೆ. ಆ ಕಡೆ ಕೂತವರು ಅಂಕಿಗಳನ್ನು ರಾಷ್ಟ್ರೀಯ ಚುನಾವಣಾ ಪ್ರಾಧಿಕಾರದ ಕಂಪ್ಯೂಟರ್ ವ್ಯವಸ್ಥೆಗೆ ಹಾಕುತ್ತಾರೆ. ಪ್ರಾಧಿಕಾರದ ಜಾಲತಾಣದಲ್ಲೂ ಟಿವಿಯಲ್ಲೂ ಏರುತ್ತಾ ಹೋಗುವ ಅಂಕಿಗಳು ಇವೇ. ದೇಶದಲ್ಲಿ 6,500ಕ್ಕೂ ಹೆಚ್ಚು ಮತಗಟ್ಟೆ ವ್ಯಾಪ್ತಿಗಳಿವೆ. ಒಂದೊಂದರ ಫೋನ್ ಬಂದಂತೆ ಒಂದೊಂದು ಸಾಲು ಸೇರುತ್ತದೆ. ಕಡಿಮೆ ಮತದಾರರಿರುವ ಹಳ್ಳಿಯ ಮತಗಟ್ಟೆಗಳ ಲೆಕ್ಕ ಬೇಗ ಮುಗಿಯುತ್ತದೆ. ದೊಡ್ಡ ಊರುಗಳದ್ದು ತಡ. ಹಾಗಾಗಿ ಒಂಬತ್ತು ಗಂಟೆಯ ಅಂಕಿ ನೋಡಿ ಇಡೀ ದೇಶದ ಒಲವು ಇದೇ ಎಂದುಕೊಂಡರೆ ತಪ್ಪಾಗುತ್ತದೆ.

ರಿಕ್ಸ್‌ದಾಗ್ ಮುಗಿದ ಮೇಲೆ ಉಳಿದ ಎರಡು ಪೆಟ್ಟಿಗೆಗಳನ್ನೂ ಹೀಗೇ ಎಣಿಸುತ್ತಾರೆ. ಕೆಲಸ ಶುರುವಾದ ಮೇಲೆ ನಡುವೆ ನಿಲ್ಲಿಸುವಂತಿಲ್ಲ. ಕೊನೆಗೆ ಚೀಟಿಗಳನ್ನೆಲ್ಲ ಚೀಲಕ್ಕೆ ತುಂಬಿ, ಮುದ್ರೆ ಹಾಕಿ, ಪಟ್ಟಿ ಮತ್ತು ದಾಖಲೆ ಪುಸ್ತಕದ ಜೊತೆ ಕಳುಹಿಸಿಕೊಡುತ್ತಾರೆ. ಬೆಳಿಗ್ಗೆಯಿಂದ ಕೂತ ಈ ಸಿಬ್ಬಂದಿ ಸಾಮಾನ್ಯ ನಾಗರಿಕರು. ಈ ಕೆಲಸಕ್ಕೆಂದು ತರಬೇತಿ ಪಡೆದು ಬಂದ ವಿದ್ಯಾರ್ಥಿಗಳು, ನಿವೃತ್ತರು, ಬೇರೆ ಉದ್ಯೋಗದವರು. ಇಡೀ ಕಟ್ಟಡ ನಿಂತಿರುವುದು ಇವರ ಶ್ರದ್ಧೆಯ ಮೇಲೆ.

ಹಂತ 4: ಬುಧವಾರದ ಎಣಿಕೆ

ಭಾನುವಾರ ರಾತ್ರಿ ಎಲ್ಲ ಮತಗಳೂ ಮತಗಟ್ಟೆ ತಲುಪಿರುವುದಿಲ್ಲ. ಬೇರೆ ಊರಿನಲ್ಲಿ ಕೊನೆ ಗಳಿಗೆಯಲ್ಲಿ ಹಾಕಿದ ಮುಂಗಡ ಮತಗಳು ಇನ್ನೂ ದಾರಿಯಲ್ಲಿರುತ್ತವೆ. ವಿದೇಶದಲ್ಲಿರುವ ಸ್ವೀಡಿಷ್ ಪ್ರಜೆಗಳು ಅಂಚೆಯಲ್ಲೋ ರಾಯಭಾರ ಕಚೇರಿಗಳಲ್ಲೋ ಹಾಕಿದ ಮತಗಳೂ ಇರುತ್ತವೆ. ಇವನ್ನೆಲ್ಲ ಆಯಾ ಕಮ್ಯೂನ್‌ನ ಚುನಾವಣಾ ಸಮಿತಿ ಬುಧವಾರ ಎಣಿಸುತ್ತದೆ. ಜನರ ಬಾಯಲ್ಲಿ ಇದರ ಹೆಸರೇ ಬುಧವಾರದ ಎಣಿಕೆ. ಇಲ್ಲೂ ಮೊದಲು ಪಟ್ಟಿಯ ತಾಳೆ, ಆಮೇಲೆ ಲಕೋಟೆ. ಇದೂ ಸಾರ್ವಜನಿಕ.

ಎರಡು ಕೂಟಗಳ ಅಂತರ ದೊಡ್ಡದಿದ್ದರೆ ಈ ಬುಧವಾರವನ್ನು ಯಾರೂ ಗಮನಿಸುವುದೇ ಇಲ್ಲ. ಅಂತರ ಕಡಿಮೆ ಇದ್ದರೆ ಇಡೀ ದೇಶ ಉಸಿರು ಬಿಗಿಹಿಡಿದು ಕೂರುತ್ತದೆ. 1979ರಲ್ಲಿ ಹೀಗೇ ಆಯಿತು. ತಡವಾಗಿ ಎಣಿಸಿದ ಮತಗಳು ಸೇರಿದ ಮೇಲೆ ಬಲಪಂಥಕ್ಕೆ 175, ಎಡಕ್ಕೆ 174. ಒಂದೇ ಸೀಟಿನ ಬಹುಮತ. 2022ರಲ್ಲಿ ಆಂಡರ್ಸನ್ ಬುಧವಾರದವರೆಗೆ ಕಾದದ್ದೂ ಇದೇ ಕಾರಣಕ್ಕೆ.

ಹಂತ 5: ಅಂತಿಮ ಎಣಿಕೆ, ಇದೇ ನಿಜವಾದ ಎಣಿಕೆ

ಅತ್ತ ಸೋಮವಾರ ಬೆಳಿಗ್ಗೆಯೇ ಜಿಲ್ಲಾಡಳಿತ ಕಚೇರಿಗಳಲ್ಲಿ ಎರಡನೇ ಎಣಿಕೆ ಶುರುವಾಗಿರುತ್ತದೆ. ಸ್ವೀಡನ್‌ನಲ್ಲಿ ಇಂಥ 21 ಜಿಲ್ಲಾಡಳಿತಗಳಿವೆ. ಮತಗಟ್ಟೆಗಳಿಂದ ಬಂದ ಚೀಲಗಳ ಮುದ್ರೆ ಒಡೆದು, ಪ್ರತಿ ಚೀಟಿಯನ್ನೂ ಮತ್ತೆ ನೋಡುತ್ತಾರೆ. ಮತಗಟ್ಟೆ ಕೊಟ್ಟ ಲೆಕ್ಕವೇ ಸರಿ ಎಂದು ಇಲ್ಲಿ ಯಾರೂ ಒಪ್ಪಿಕೊಂಡು ಕೂರುವುದಿಲ್ಲ. ಅಂಕಿ ಅದಲುಬದಲಾಗಿದ್ದರೆ, ಒಂದು ಕಟ್ಟು ಬೇರೆ ಪಕ್ಷದ ಗುಡ್ಡೆಗೆ ಸೇರಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಅಸಿಂಧು ಮತಗಳ ತೀರ್ಮಾನವೂ ಇಲ್ಲೇ. ನಿಯಮಗಳು ಸ್ಥೂಲವಾಗಿ ಹೀಗಿವೆ. ಚೀಟಿಯಲ್ಲಿ ಪಕ್ಷದ ಹೆಸರೇ ಇಲ್ಲದಿದ್ದರೆ ಅಸಿಂಧು. ಒಂದಕ್ಕಿಂತ ಹೆಚ್ಚು ಪಕ್ಷಗಳ ಹೆಸರಿದ್ದರೂ ಅಸಿಂಧು. ಚುನಾವಣೆಗೆ ಹೆಸರು ನೋಂದಾಯಿಸದ ಪಕ್ಷಕ್ಕೆ ಹಾಕಿದ್ದರೂ ಅಷ್ಟೇ. ಯಾರು ಹಾಕಿದ ಮತ ಎಂದು ಗೊತ್ತಾಗಲಿ ಎಂದೇ ಬೇಕಂತ ಏನಾದರೂ ಗುರುತು ಮಾಡಿದ್ದರೆ ಅದೂ ಹೋಯಿತು, ಏಕೆಂದರೆ ಮತ ಖರೀದಿ ಮಾಡುವವರಿಗೆ ಅಂಥ ಗುರುತೇ ಸಾಕ್ಷಿಯಾಗಿಬಿಡುತ್ತದೆ. ಒಂದೇ ಲಕೋಟೆಯಲ್ಲಿ ಬೇರೆ ಬೇರೆ ಪಕ್ಷಗಳ ಚೀಟಿ ಇದ್ದರೆ ಮತ ಲೆಕ್ಕಕ್ಕಿಲ್ಲ. ಒಂದೇ ಪಕ್ಷದ ಎರಡು ಚೀಟಿ ಇದ್ದರೆ ಒಂದು ಮತ ಎಂದು ಎಣಿಸುತ್ತಾರೆ.

ಒಂದು ಒಳ್ಳೆಯ ಅಂಶ ಹೇಳಬೇಕು. ಅಭ್ಯರ್ಥಿ ಪಟ್ಟಿಯಲ್ಲಿ ಒಬ್ಬರ ಬದಲು ಇಬ್ಬರಿಗೆ ಗುರುತು ಹಾಕಿದರೆ ಇಡೀ ಮತ ವ್ಯರ್ಥವಾಗುವುದಿಲ್ಲ. ಪಕ್ಷಕ್ಕೆ ಬಿದ್ದ ಮತ ಉಳಿಯುತ್ತದೆ, ವ್ಯಕ್ತಿಗೆ ಹಾಕಿದ ಗುರುತು ಮಾತ್ರ ಹೋಗುತ್ತದೆ. ಮತದಾರನ ಮನಸ್ಸು ಎಷ್ಟು ಸ್ಪಷ್ಟವೋ ಅಷ್ಟನ್ನು ಉಳಿಸಿಕೊಳ್ಳುವ ಈ ರೀತಿ ನನಗೆ ಮೆಚ್ಚುಗೆ.

ಅಭ್ಯರ್ಥಿಗಳ ಮುಂದಿನ ಗುರುತುಗಳನ್ನೂ ಈಗ ಎಣಿಸುತ್ತಾರೆ. ಮೊದಲು ರಿಕ್ಸ್‌ದಾಗ್ ಮುಗಿಸುತ್ತಾರೆ, ಅದಕ್ಕೆ ಹೆಚ್ಚುಕಡಿಮೆ ಒಂದು ವಾರ. ಕಮ್ಯೂನ್, ಪ್ರಾಂತ್ಯದ ಮತಗಳು ಆಮೇಲೆ. ಜಿಲ್ಲಾಡಳಿತದ ಎಣಿಕೆ ಮುಗಿದ ಮೇಲೆ ರಿಕ್ಸ್‌ದಾಗ್ ಸೀಟುಗಳನ್ನು ಹಂಚಿ ಘೋಷಿಸುವುದು ರಾಷ್ಟ್ರೀಯ ಚುನಾವಣಾ ಪ್ರಾಧಿಕಾರ. ಉಳಿದ ಎರಡನ್ನು ಜಿಲ್ಲಾಡಳಿತವೇ ಘೋಷಿಸುತ್ತದೆ.

ಹಂತ 6: ಮತವನ್ನು ಸೀಟಾಗಿ ಮಾಡುವ ಗಣಿತ

ನಮ್ಮಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬರೇ. ಹೆಚ್ಚು ಮತ ಬಂದವರು ಗೆದ್ದರು, ಉಳಿದವರಿಗೆ ಬಿದ್ದ ಮತ ಅಲ್ಲಿಗೇ ನಿಂತಿತು. ಸ್ವೀಡನ್‌ನಲ್ಲಿ ಹಾಗಲ್ಲ. ಪಕ್ಷಕ್ಕೆ ಬಿದ್ದ ಮತದ ಪಾಲಿಗೆ ಸರಿಯಾಗಿ ಸೀಟು ಸಿಗಬೇಕು ಎಂಬುದು ತತ್ವ. ಅದಕ್ಕೇ ಇಲ್ಲಿ ಎಣಿಕೆ ಮುಗಿದ ಮೇಲೂ ಗಣಿತ ಬಾಕಿ ಇರುತ್ತದೆ.

ರಿಕ್ಸ್‌ದಾಗ್‌ನಲ್ಲಿ 349 ಸೀಟು. ಹಿಂದೆ 350 ಇತ್ತು. 1973ರ ಚುನಾವಣೆಯಲ್ಲಿ ಎರಡು ಕೂಟಕ್ಕೂ 175-175 ಬಂದು, ಎಷ್ಟೋ ನಿರ್ಣಯಗಳನ್ನು ಸದನದಲ್ಲಿ ಚೀಟಿ ಎತ್ತಿ ತೀರ್ಮಾನಿಸಬೇಕಾಯಿತು. ಅದಾದ ಮೇಲೆ, 1976ರ ಚುನಾವಣೆಯಿಂದ ಒಂದು ಸೀಟು ಕಡಿಮೆ ಮಾಡಿ ಬೆಸ ಸಂಖ್ಯೆ ಮಾಡಿದರು.

ಈ 349ರಲ್ಲಿ 310 ಸೀಟುಗಳನ್ನು 29 ಕ್ಷೇತ್ರಗಳಿಗೆ ಮತದಾರರ ಸಂಖ್ಯೆಗೆ ತಕ್ಕಂತೆ ಮೊದಲೇ ಹಂಚಿರುತ್ತಾರೆ. ಉಳಿದ 39 ಸೀಟುಗಳು ಸರಿದೂಗಿಸುವ ಸೀಟುಗಳು. ಅವು ಯಾವ ಕ್ಷೇತ್ರದ್ದೂ ಅಲ್ಲ, ಕೊನೆಗೆ ಬೇಕಾಗುತ್ತವೆ.

ಸೀಟು ಬೇಕಾದರೆ ಪಕ್ಷ ಒಂದು ಗೆರೆ ದಾಟಬೇಕು. ದೇಶದಲ್ಲಿ ಶೇ 4ರಷ್ಟು ಮತ, ಇಲ್ಲವೇ ಒಂದು ಕ್ಷೇತ್ರದಲ್ಲಿ ಶೇ 12. ಶೇ 12 ದಾಟಿದವರಿಗೆ ಆ ಕ್ಷೇತ್ರದ ಸೀಟುಗಳಲ್ಲಿ ಮಾತ್ರ ಪಾಲು. ಈ ಲೆಕ್ಕಕ್ಕೆ ಸಿಂಧು ಮತಗಳು ಮಾತ್ರ, ಖಾಲಿ ಚೀಟಿ ಸೇರುವುದಿಲ್ಲ. ಪ್ರಾಂತ್ಯಕ್ಕೆ ಗೆರೆ ಶೇ 3. ಕಮ್ಯೂನ್‌ನಲ್ಲಿ ಒಂದೇ ಕ್ಷೇತ್ರವಿದ್ದರೆ ಶೇ 2, ಹೆಚ್ಚಿದ್ದರೆ ಶೇ 3.

ಹಂಚುವ ವಿಧಾನ ಹೀಗೆ. ಪ್ರತಿ ಪಕ್ಷದ ಮತವನ್ನು ಮೊದಲು 1.2ರಿಂದ ಭಾಗಿಸಿ. ಯಾರ ಅಂಕಿ ದೊಡ್ಡದೋ ಅವರಿಗೆ ಮೊದಲ ಸೀಟು. ಸೀಟು ಪಡೆದ ಪಕ್ಷದ ಮತವನ್ನು ಈಗ 3ರಿಂದ ಭಾಗಿಸಿ, ಮತ್ತೆ ಹೋಲಿಸಿ. ಇನ್ನೊಂದು ಸೀಟು ಬಂದರೆ 5ರಿಂದ, ಆಮೇಲೆ 7, 9, ಹೀಗೆ ಬೆಸ ಸಂಖ್ಯೆಗಳು. ಸೀಟು ಮುಗಿಯುವವರೆಗೆ ಇದೇ ಆಟ.

ಒಂದು ಕಾಲ್ಪನಿಕ ಕ್ಷೇತ್ರ ತೆಗೆದುಕೊಳ್ಳಿ. ನಾಲ್ಕು ಸೀಟು. ಕ ಪಕ್ಷಕ್ಕೆ 40,000, ಖ ಪಕ್ಷಕ್ಕೆ 28,000, ಗ ಪಕ್ಷಕ್ಕೆ 12,000 ಮತ.

1.2ರಿಂದ ಭಾಗಿಸಿದರೆ ಕ 33,333, ಖ 23,333, ಗ 10,000. ಮೊದಲ ಸೀಟು ಕ ಪಕ್ಷಕ್ಕೆ. ಅದರ ಹೊಸ ಅಂಕಿ 40,000ವನ್ನು 3ರಿಂದ ಭಾಗಿಸಿ 13,333. ಎರಡನೇ ಸೀಟು ಖ ಪಕ್ಷಕ್ಕೆ, ಅದರ ಹೊಸ ಅಂಕಿ 9,333. ಮೂರನೆಯದು 13,333 ಇರುವ ಕ ಪಕ್ಷಕ್ಕೆ, ಅದರ ಅಂಕಿ 8,000ಕ್ಕೆ ಇಳಿಯಿತು. ಈಗ ಉಳಿದವರು ಕ 8,000, ಖ 9,333, ಗ 10,000. ನಾಲ್ಕನೇ ಸೀಟು ಗ ಪಕ್ಷಕ್ಕೆ.

2014ರವರೆಗೆ ಮೊದಲ ಭಾಜಕ 1.4 ಇತ್ತು. ಅದರಲ್ಲಿ ಲೆಕ್ಕ ಹಾಕಿದರೆ ಗ ಪಕ್ಷದ ಅಂಕಿ 8,571 ಮಾತ್ರ. ನಾಲ್ಕನೇ ಸೀಟು 9,333 ಇದ್ದ ಖ ಪಕ್ಷಕ್ಕೆ ಹೋಗುತ್ತಿತ್ತು. 2018ರ ಚುನಾವಣೆಯಿಂದ 1.2 ಆದದ್ದು ಸಣ್ಣ ಪಕ್ಷಗಳಿಗೆ ಮೊದಲ ಸೀಟಿನ ಬಾಗಿಲನ್ನು ಸ್ವಲ್ಪ ಅಗಲ ಮಾಡಿತು. ದಶಾಂಶದ ಆಚೆಗಿನ ಒಂದು ಅಂಕಿಯಲ್ಲಿ ಇಷ್ಟೆಲ್ಲ ಇದೆ ನೋಡಿ.

29 ಕ್ಷೇತ್ರಗಳಲ್ಲೂ ಹೀಗೆ 310 ಸೀಟು ಹಂಚಿದ ಮೇಲೆ ಇನ್ನೊಂದು ಲೆಕ್ಕ. ಇಡೀ ದೇಶವೇ ಒಂದು ಕ್ಷೇತ್ರ ಎಂದುಕೊಂಡು, ಶೇ 4 ದಾಟಿದ ಪಕ್ಷಗಳ ನಡುವೆ 349 ಸೀಟನ್ನೂ ಇದೇ ವಿಧಾನದಲ್ಲಿ ಹಂಚಿ ನೋಡುತ್ತಾರೆ. ಒಂದು ಪಕ್ಷಕ್ಕೆ ಇಲ್ಲಿ 24 ಬರಬೇಕು, ಕ್ಷೇತ್ರಗಳಿಂದ ಸಿಕ್ಕಿದ್ದು 18 ಎಂದಾದರೆ, 6 ಸರಿದೂಗಿಸುವ ಸೀಟು ಕೊಡುತ್ತಾರೆ. ಆ ಪಕ್ಷದ ಅಂಕಿ ಎಲ್ಲಿ ಹೆಚ್ಚು ಉಳಿದಿದೆಯೋ ಆ ಕ್ಷೇತ್ರಗಳಿಗೆ ಅವು ಸೇರುತ್ತವೆ. ಯಾವುದಾದರೂ ಪಕ್ಷಕ್ಕೆ ಕ್ಷೇತ್ರಗಳಿಂದಲೇ ತನ್ನ ಪಾಲಿಗಿಂತ ಜಾಸ್ತಿ ಬಂದಿದ್ದರೆ ಹೆಚ್ಚಿನದನ್ನು ವಾಪಸ್ ತೆಗೆದುಕೊಂಡು ಬೇರೆಯವರಿಗೆ ಕೊಡುವ ನಿಯಮವೂ 2018ರಿಂದ ಇದೆ.

ಈಗ 2022ರ ನಿಜವಾದ ಅಂಕಿ ನೋಡೋಣ. ಸಿಂಧು ಮತ ಒಟ್ಟು 64,77,794. ಸೋಷಿಯಲ್ ಡೆಮಾಕ್ರಾಟ್ ಪಕ್ಷಕ್ಕೆ 19,64,474 ಮತ, 107 ಸೀಟು. ಸ್ವೀಡನ್ ಡೆಮಾಕ್ರಾಟ್‌ಗೆ 13,30,325 ಮತ, 73 ಸೀಟು. ಮಾಡರೇಟ್ ಪಕ್ಷಕ್ಕೆ 12,37,428 ಮತ, 68 ಸೀಟು. ಎಡ ಪಕ್ಷ ಮತ್ತು ಸೆಂಟರ್ ಪಕ್ಷಕ್ಕೆ ತಲಾ 24, ಕ್ರಿಶ್ಚಿಯನ್ ಡೆಮಾಕ್ರಾಟ್‌ಗೆ 19, ಗ್ರೀನ್‌ಗೆ 18, ಲಿಬರಲ್‌ಗೆ 16. ಬಲಪಂಥದ ನಾಲ್ಕು ಪಕ್ಷ (ಸ್ವೀಡನ್ ಡೆಮಾಕ್ರಾಟ್, ಮಾಡರೇಟ್, ಕ್ರಿಶ್ಚಿಯನ್ ಡೆಮಾಕ್ರಾಟ್, ಲಿಬರಲ್) ಸೇರಿ 176, ಎದುರಿನ ನಾಲ್ಕು ಸೇರಿ 173.

349ನೇ ಸೀಟು ಯಾರಿಗೆ ಹೋಯಿತು ಎಂದು ನೀವೇ ಕ್ಯಾಲ್ಕುಲೇಟರ್ ಹಿಡಿದು ನೋಡಬಹುದು. ಮಾಡರೇಟ್ ಪಕ್ಷದ 68ನೇ ಸೀಟಿನ ಭಾಜಕ 135 (ಸೀಟಿನ ಸಂಖ್ಯೆಯ ಎರಡರಷ್ಟಕ್ಕೆ ಒಂದು ಕಡಿಮೆ). 12,37,428ನ್ನು 135ರಿಂದ ಭಾಗಿಸಿದರೆ 9,166. ಸೋಷಿಯಲ್ ಡೆಮಾಕ್ರಾಟ್‌ಗೆ 108ನೇ ಸೀಟು ಬೇಕಿದ್ದರೆ ಭಾಜಕ 215. 19,64,474ನ್ನು 215ರಿಂದ ಭಾಗಿಸಿದರೆ 9,137. ಇಪ್ಪತ್ತೊಂಬತ್ತು ಅಂಕಿಗಳಷ್ಟು ಹಿಂದೆ ಬಿದ್ದು ಆ ಸೀಟು ತಪ್ಪಿತು. ಉಳಿದವರ ಮತ ಹಾಗೇ ಇದ್ದು, ಸೋಷಿಯಲ್ ಡೆಮಾಕ್ರಾಟ್‌ಗೆ ಇನ್ನು ಸುಮಾರು 6,250 ಮತ ಹೆಚ್ಚು ಬಿದ್ದಿದ್ದರೆ ಲೆಕ್ಕ 175-174 ಆಗುತ್ತಿತ್ತು. ಅರವತ್ತೈದು ಲಕ್ಷದ ಹತ್ತಿರದ ಮತಗಳಲ್ಲಿ ಆರು ಸಾವಿರ! ಪ್ರತಿ ಚೀಟಿಯನ್ನೂ ಎರಡು ಸಲ ನೋಡುವುದು ಯಾಕೆ ಎಂದು ಕೇಳುವವರಿಗೆ ಈ ಭಾಗಾಕಾರ ಮಾಡಿ ತೋರಿಸಿ. ಆ ಚುನಾವಣೆಯ ನಂತರ, ಅಕ್ಟೋಬರ್ 17ರಂದು ಮಾಡರೇಟ್ ಪಕ್ಷದ ಉಲ್ಫ್ ಕ್ರಿಸ್ಟರ್ಸನ್ ಪ್ರಧಾನಿಯಾಗಿ ಆಯ್ಕೆಯಾದದ್ದೂ 176-173 ಮತಗಳಿಂದಲೇ.

ಹಂತ 7: ಸೀಟಿನಲ್ಲಿ ಕೂರುವವರು ಯಾರು?

ಪಕ್ಷಕ್ಕೆ ಒಂದು ಕ್ಷೇತ್ರದಲ್ಲಿ ಬಂದ ಮತಗಳಲ್ಲಿ ಶೇ 5ರಷ್ಟು ಗುರುತು ಒಬ್ಬ ಅಭ್ಯರ್ಥಿಗೇ ಬಿದ್ದಿದ್ದರೆ, ಅವರು ಪಟ್ಟಿಯಲ್ಲಿ ಕೆಳಗಿದ್ದರೂ ಮೇಲೆ ಬರುತ್ತಾರೆ. ಇಂಥವರು ಹಲವರಿದ್ದರೆ ಹೆಚ್ಚು ಗುರುತು ಪಡೆದವರು ಮೊದಲು. ಪ್ರಾಂತ್ಯದಲ್ಲಿ ಶೇ 5ರ ಜೊತೆಗೆ ಕನಿಷ್ಠ 100 ಗುರುತು, ಕಮ್ಯೂನ್‌ನಲ್ಲಿ ಕನಿಷ್ಠ 50 ಬೇಕು. ಉಳಿದ ಸೀಟುಗಳು ಪಕ್ಷ ಮುದ್ರಿಸಿದ ಪಟ್ಟಿಯ ಕ್ರಮದಲ್ಲೇ ಹೋಗುತ್ತವೆ. ಕಮ್ಯೂನ್ ಚುನಾವಣೆಯಲ್ಲಿ ನಿಮ್ಮ ಬಡಾವಣೆಯವರೊಬ್ಬರು ನಿಂತಿದ್ದರೆ, ಆ 50 ಗುರುತುಗಳಲ್ಲಿ ನಿಮ್ಮದೂ ಒಂದಾದರೆ ಸಣ್ಣ ಮಾತಲ್ಲ.

ತಕರಾರು ಇದ್ದರೆ

ಫಲಿತಾಂಶ ಘೋಷಣೆಯಾದ ಹತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು. ಅದನ್ನು ವಿಚಾರಿಸುವುದು ಚುನಾವಣಾ ಪರಿಶೀಲನಾ ಮಂಡಳಿ. ಅದರ ತೀರ್ಪಿನ ಮೇಲೆ ಇನ್ನೊಂದು ಮೇಲ್ಮನವಿ ಇಲ್ಲ. ತಪ್ಪು ನಡೆದಿದೆ ಎಂದು ತೋರಿಸಿದರಷ್ಟೇ ಸಾಲದು, ಆ ತಪ್ಪು ಫಲಿತಾಂಶ ಬದಲಿಸುವ ಸಾಧ್ಯತೆ ಇದ್ದಿರಬೇಕು. ಆಗ ಮರು ಎಣಿಕೆಗೋ ಮರು ಚುನಾವಣೆಗೋ ಆದೇಶ ಬರುತ್ತದೆ.

ಇದು ಬರೀ ಕಾಗದದ ಮೇಲಿನ ಮಾತಲ್ಲ. 2010ರ ಚುನಾವಣೆಯ ನಂತರ ವೆಸ್ತ್ರಾ ಯೋತಾಲಾಂಡ್ ಪ್ರಾಂತ್ಯದ ಮಂಡಳಿಗೆ 2011ರ ಮೇ 15ರಂದು ಮತ್ತೆ ಚುನಾವಣೆ ನಡೆಯಿತು. ಅದೇ ದಿನ ಓರೆಬ್ರೂ ಕಮ್ಯೂನ್‌ನ ಒಂದು ಕ್ಷೇತ್ರದಲ್ಲೂ ಮರು ಮತದಾನವಾಯಿತು. 2018ರ ನಂತರ ಫಾಲುನ್ ಕಮ್ಯೂನ್‌ನ ಸರದಿ. ಅಂಚೆಯಲ್ಲಿ ಬರಬೇಕಿದ್ದ ಒಂದಷ್ಟು ಮುಂಗಡ ಮತಗಳು ತಡವಾಗಿ ಬಂದು ಎಣಿಕೆಗೆ ಸೇರಿರಲಿಲ್ಲ. ಅಲ್ಲಿ ಸೀಟುಗಳ ಅಂತರ ಅಷ್ಟು ಸಣ್ಣದಿತ್ತು. 2019ರ ಏಪ್ರಿಲ್ 7ರಂದು ಇಡೀ ಕಮ್ಯೂನ್ ಮತ್ತೆ ಮತ ಹಾಕಿತು.

ನೀವೇ ಹೋಗಿ ನೋಡುವುದಾದರೆ

ಸ್ವೀಡನ್‌ನಲ್ಲಿರುವವರು ಇದನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ಭಾನುವಾರ ರಾತ್ರಿ ಎಂಟಕ್ಕೆ ನಿಮ್ಮ ಹತ್ತಿರದ ಮತಗಟ್ಟೆಗೆ ಹೋಗಿ. ಸಾಮಾನ್ಯವಾಗಿ ಅದು ಯಾವುದಾದರೂ ಶಾಲೆಯೇ ಆಗಿರುತ್ತದೆ. ಎಣಿಕೆ ನೋಡಲು ಬಂದಿದ್ದೇನೆ ಎಂದರೆ ಸಾಕು. ಮತದ ಹಕ್ಕು ಇಲ್ಲದಿದ್ದರೂ ನೋಡುವ ಹಕ್ಕು ಇದೆ. ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಮುಂಗಡ ಲಕೋಟೆಗಳನ್ನು ಪಟ್ಟಿಯೊಡನೆ ತಾಳೆ ಮಾಡುವುದು, ಆಮೇಲೆ ಲಕೋಟೆಗಳ ಒಟ್ಟು ಸಂಖ್ಯೆ ಹೇಳುವುದು, ಇವೆರಡನ್ನು ತಪ್ಪಿಸಿಕೊಳ್ಳಬೇಡಿ. ಫೋನ್‌ನಲ್ಲಿ ಹೇಳಿದ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ರಾತ್ರಿಯೇ ಪ್ರಾಧಿಕಾರದ ಜಾಲತಾಣದಲ್ಲಿ ಆ ಮತಗಟ್ಟೆಯ ಸಾಲು ತೆಗೆದು ಸರಿಯಾಗಿ ಬಂದಿದೆಯೇ ಎಂದು ನೋಡಿ. ಜಿಲ್ಲಾಡಳಿತ ಎಣಿಸಿ ಮುಗಿಸಿದ ಮೇಲೆ ಅದೇ ಸಾಲನ್ನು ಇನ್ನೊಮ್ಮೆ ತೆಗೆಯಿರಿ. ಒಂದೆರಡು ಮತ ಅತ್ತಿತ್ತ ಆಗಿದ್ದರೆ, ಅದು ಎರಡನೇ ಎಣಿಕೆಯಲ್ಲಿ ಸಿಕ್ಕ ತಿದ್ದುಪಡಿ.